ಪಾಂಡವಪುರದ ಪಂಚಲೋಟ ಮಹಾಸಮರ

ಕೇಳಿರಿ, ಕಿವಿಯುಳ್ಳವರೇ! ಕೃತಯುಗದಲ್ಲಿ ಸುರಾಸುರರು ಹಾವನ್ನು ಹಗ್ಗ ಮಾಡಿಕೊಂಡು ಕ್ಷೀರಸಾಗರವನ್ನು ಕಡೆದರು. ತ್ರೇತೆಯಲ್ಲಿ ಕಪಿವೀರರು ಕಲ್ಲು ಹೊತ್ತು ಕಡಲಿಗೆ ಕಟ್ಟೆ ಕಟ್ಟಿದರು. ದ್ವಾಪರದಲ್ಲಿ ಹದಿನೆಂಟು ಅಕ್ಷೋಹಿಣಿ ಸೈನ್ಯ ಒಂದೇ ಬಯಲಿನಲ್ಲಿ ನಿಂತು ಹದಿನೆಂಟು ದಿನಗಳಲ್ಲಿ ಮಣ್ಣಾಯಿತು. ಇಷ್ಟೆಲ್ಲ ಮುಗಿದು, ವೀರರಿಗೆ ಮಾಡಲು ಹೇಳಿಕೊಳ್ಳುವಂಥ ಕೆಲಸವೊಂದೂ ಉಳಿಯದ ಈ ಕಲಿಯುಗದಲ್ಲಿ, ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಪಾಂಡವಪುರದ ಒಂದು ಮನೆಯ ನಡುಮನೆಯಲ್ಲಿ, ಇಬ್ಬರು ಷಡ್ಡಕರು ಎದುರುಬದುರು ಕುಳಿತು ಸುಲಭ ಬೆಲೆಯ ವಿಸ್ಕಿಗಳನ್ನು ಮೂಸಿದರು. ಆ ಘೋರ ಸಂಗ್ರಾಮವನ್ನು ನಾನೀಗ ಹೇಳುತ್ತೇನೆ. ಹೆಣ ಬೀಳಲಿಲ್ಲ, ಒಂದು ಪ್ಲಾಸ್ಟಿಕ್ ಕುರ್ಚಿ ಮಾತ್ರ ಬಿತ್ತು.

ಇಬ್ಬರಲ್ಲಿ ಹಿರಿಯನೂ ಈ ಗಾಥೆಯ ನಾಯಕನೂ ಆದವನು ಕಾಕಂಬಿಗಂಧವಿಶಾರದ, ಘ್ರಾಣೇಂದ್ರಿಯಸಾರ್ವಭೌಮ, ಸಕ್ಕರೆ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಹಿರಿಯ ಸಹಾಯಕನಾಗಿರುವ ಹೊಂಬಾಳೇಗೌಡ. ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಯನ್ನು ಪರೀಕ್ಷಿಸುವುದು ಅವನ ಕೆಲಸ. ಯಾವ ತೊಟ್ಟಿಯ ಕಾಕಂಬಿ ಹುಳಿ ಹಿಡಿಯುತ್ತಿದೆ, ಯಾವುದು ಎರಡು ದಿನ ತಡೆದೀತು ಎಂಬುದನ್ನು ಅವನು ಬಾಗಿಲಲ್ಲೇ ನಿಂತು ಹೇಳಬಲ್ಲ. ಯಂತ್ರ ಅರ್ಧ ಗಂಟೆಯ ಮೇಲೆ ಅದನ್ನೇ ಹೇಳುತ್ತದೆ. ಇದು ನಿಜವಾದ ವಿದ್ಯೆ. ಇದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆದ್ದರಿಂದ ಅವನು ಸುಳ್ಳು ವಿದ್ಯೆಯೊಂದನ್ನು ಕಲಿತ.

ಆ ಸುಳ್ಳು ವಿದ್ಯೆಯ ಹೆಸರು ಸುರಾವಿಮರ್ಶೆ. ‘ಸಂಜೆ ಮಿತ್ರರು’ ಎಂಬ ವಾಟ್ಸಾಪ್ ಗುಂಪಿನ ಇಪ್ಪತ್ತಮೂರು ಮಂದಿಯ ಮೇಲೆ ಅವನು ವಾರಕ್ಕೊಂದು ವಿಮರ್ಶೆಯನ್ನು ಪ್ರಯೋಗಿಸುತ್ತಿದ್ದ. “ಪ್ರಥಮ ಘ್ರಾಣದಲ್ಲಿ ಒಣದ್ರಾಕ್ಷಿ, ದ್ವಿತೀಯ ಘ್ರಾಣದಲ್ಲಿ ಹಳೆಯ ಪುಸ್ತಕದ ಬೀರು, ಕಂಠಾವರೋಹಣದಲ್ಲಿ ಮಂದವಾದ ಲವಂಗ, ಈ ಬೆಲೆಗೆ ಇದಕ್ಕಿಂತ ಶ್ರೇಷ್ಠವಾದುದು ಭೂಮಂಡಲದಲ್ಲಿಲ್ಲ” ಎಂದು ಬರೆಯುತ್ತಿದ್ದ. ಇಪ್ಪತ್ತಮೂರು ಮಂದಿಯಲ್ಲಿ ಇಬ್ಬರು ಹೆಬ್ಬೆರಳು ಎತ್ತುತ್ತಿದ್ದರು. ಉಳಿದವರು ಗುಲಾಬಿ ಹೂವಿನ ಚಿತ್ರದೊಡನೆ ಶುಭೋದಯ ಕೋರುತ್ತಿದ್ದರು. ಹೊಂಬಾಳೇಗೌಡ ಗುಲಾಬಿಯನ್ನೂ ತನ್ನ ವಿಮರ್ಶೆಗೆ ಬಂದ ಮೆಚ್ಚುಗೆ ಎಂದೇ ಲೆಕ್ಕ ಹಿಡಿಯುತ್ತಿದ್ದ.

ಇವನ ಎದುರಾಳಿ ಯತಿರಾಜ. ಹೆಸರಿನಲ್ಲಿ ಸನ್ಯಾಸಿಗಳಿಗೆ ಅರಸ. ಆ ರಾಜ್ಯದ ಗಡಿಯನ್ನು ಒಮ್ಮೆಯಾದರೂ ದಾಟಿದವನಲ್ಲ. ಹೊಂಬಾಳೇಗೌಡನ ಹೆಂಡತಿ ಸುಕನ್ಯಳ ತಂಗಿಯನ್ನು ಮದುವೆಯಾಗಿ, ಸೈನ್ಯದಲ್ಲಿ ಹವಾಲ್ದಾರನಾಗಿ ಇಪ್ಪತ್ತು ವರ್ಷ ದುಡಿದು, ಅದರಲ್ಲಿ ಹದಿನಾಲ್ಕು ವರ್ಷ ಅಧಿಕಾರಿಗಳ ಮೆಸ್ಸಿನ ಉಗ್ರಾಣ ಕಾದ ಮಹಾವೀರ. ಶತ್ರುವಿನ ಮುಖವನ್ನು ಅವನು ಕಂಡಿರಲಿಲ್ಲ. ಬಾಟಲಿಗಳ ಮುಖವನ್ನು ಮಾತ್ರ ಧಾರಾಳವಾಗಿ ಕಂಡಿದ್ದ. “ನಮ್ ಬ್ರಿಗೇಡಿಯರ್ ಸಾಹೇಬ್ರು ನನ್ನ ಕೇಳ್ದೆ ಗ್ಲಾಸ್ ಎತ್ತಾ ಇರ್ಲಿಲ್ಲ” ಎಂಬುದು ಅವನ ಶಂಖನಾದ. ಅದನ್ನು ಊದದ ಹಬ್ಬವಿಲ್ಲ, ಊದದ ಬೀಗರೂಟವಿಲ್ಲ.

ಇವರಿಬ್ಬರಿಗೂ ಹೆಣ್ಣು ಕೊಟ್ಟ ಮಾವ ಮರಿಲಿಂಗೇಗೌಡರು, ನಿವೃತ್ತ ಮುಖ್ಯೋಪಾಧ್ಯಾಯರು. ಮೂರು ತಲೆಮಾರಿನ ಮಕ್ಕಳಿಗೆ ಕಾಗುಣಿತ ತಿದ್ದಿಸಿದವರು, ಮಾತು ಕಡಿಮೆ. ಈ ಸಂಗ್ರಾಮ ನಡೆದ ಮುಂದಿನ ಭಾನುವಾರ ಅವರಿಗೆ ಎಪ್ಪತ್ತೈದು ತುಂಬುವುದಿತ್ತು. ಜೊತೆಯಲ್ಲಿ ಕೆಲಸ ಮಾಡಿದ ಮೇಷ್ಟ್ರುಗಳೆಲ್ಲ ಊಟಕ್ಕೆ ಬರುವವರಿದ್ದರು. ಸಂಗ್ರಾಮಕ್ಕೆ ಒಂದು ವಾರ ಮೊದಲು ಅಳಿಯಂದಿರಿಬ್ಬರನ್ನೂ ಕೂರಿಸಿಕೊಂಡು ಅವರು ಹೇಳಿದ್ದಿಷ್ಟು:

“ನೋಡ್ರಪ್ಪ, ದುಬಾರೀದು ಬ್ಯಾಡ. ಹಂಗಂತ ಬೆಳಿಗ್ಗೆ ತಲೆ ಸಿಡಿಯೋ ಅಂಥದ್ದೂ ಬ್ಯಾಡ. ಬರೋರೆಲ್ಲ ನನ್ನಂಗೆ ವಯಸ್ಸಾದೋರು. ಕಮ್ಮಿ ಬೆಲೇಲಿ ಮರ್ಯಾದಸ್ತ ಅನ್ನಿಸ್ಕೊಳೋದು ಯಾವುದಾದ್ರೂ ಒಂದು ಇಬ್ರೂ ಸೇರಿ ಹೇಳಿ.”

ಇಬ್ಬರೂ ಸೇರಿ! ಆ ಮುಗ್ಧ ವೃದ್ಧರು ತಮ್ಮ ಬಾಯಿಂದ ಹೊರಟ ಈ ಎರಡು ಪದಗಳು ಎಂಥ ಕಿಡಿಗಳೆಂದು ಅರಿಯದೆ ಎಲೆ ಅಡಿಕೆ ಹಾಕಿಕೊಂಡರು. ಹೊಂಬಾಳೇಗೌಡನ ಎದೆಯಲ್ಲಿ ಮಾತ್ರ ಹನ್ನೆರಡು ವರ್ಷಗಳ ಬೂದಿ ಕೆದರಿತು. ಯತಿರಾಜ ಮಿಲಿಟರಿ ಕ್ಯಾಂಟೀನಿನ ಬಾಟಲಿ ಹಿಡಿದು ಮಾವನ ಈ ಮನೆಯ ಹೊಸ್ತಿಲು ದಾಟಿದ ದಿನದಿಂದ, ಹಿರಿಯ ಅಳಿಯನಿಗೆ ಹಾಕುತ್ತಿದ್ದ ಬೆನ್ನು ಇರುವ ಕುರ್ಚಿ ಕಿರಿಯ ಅಳಿಯನ ಪಾಲಾಗಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಯತಿರಾಜ ಬೇಗ ಬಂದು ಕೂರುತ್ತಿದ್ದ, ಅಷ್ಟೆ. ಆದರೆ ಹೊಂಬಾಳೇಗೌಡ ಇದನ್ನು ರಾಜ್ಯಾಪಹರಣವೆಂದು ಬಗೆದಿದ್ದ. ಹುಟ್ಟುಹಬ್ಬದ ದಿನ, ಮೇಷ್ಟ್ರುಗಳ ಸಭೆಯ ನಡುವೆ, ಮಾವನ ಬಲಪಕ್ಕದಲ್ಲಿ ಬಾಟಲಿ ಹಿಡಿದು ನಿಂತು “ಇದು ನಾನು ಆರಿಸಿದ್ದು” ಎನ್ನುವ ಭಾಗ್ಯ ಯಾರಿಗೆ? ಇದೊಂದೇ ಪ್ರಶ್ನೆ ಅವನನ್ನು ಒಂದು ವಾರ ನೆಟ್ಟಗೆ ನಿದ್ದೆ ಮಾಡಗೊಡಲಿಲ್ಲ.

ಅವನು ಪೇಟೆಬೀದಿಯ ವೈನ್ ಶಾಪಿಗೆ ದಂಡೆತ್ತಿ ಹೋಗಿ, ಬೆಲೆಯ ಗೆರೆ ದಾಟದ ಐದು ಬಾಟಲಿಗಳನ್ನು ಸೆರೆಹಿಡಿದು ತಂದ. ಐದೂ ಐದು ಕುಲದವು. ಮೊದಲನೆಯದು ಕಾಕಂಬಿಯಿಂದಲೇ ಹುಟ್ಟಿದ, ಎಲ್ಲಕ್ಕಿಂತ ಅಗ್ಗದ, ಲೇಬಲ್ಲಿನ ಮೇಲೆ ಆನೆಬಾಗಿಲು ಬರೆಸಿಕೊಂಡ ದೇಸಿ ಬ್ಲೆಂಡು. ಇನ್ನೊಂದು ಬಾರ್ಲಿಯಿಂದಲೇ ಇಳಿಸಿದ ಮಾಲ್ಟು. ಮತ್ತೊಂದು ಹೊಗೆಯ ವಾಸನೆ ಏರಿಸಿಕೊಂಡದ್ದು. ಜೋಳದಿಂದ ಮಾಡಿದ, ಅಮೆರಿಕದವರ ರೀತಿಯ ಸಿಹಿಯಾದದ್ದೊಂದು. ಕೊನೆಗೆ ಐರ್ಲೆಂಡಿನವರಂತೆ ಹಗುರವಾಗಿ ಇಳಿಯುತ್ತದೆಂದು ಡಬ್ಬಿಯ ಮೇಲೆ ತಾನೇ ಹೇಳಿಕೊಂಡದ್ದು. ಪ್ರತಿಯೊಂದಕ್ಕೂ ಹೊಂಬಾಳೇಗೌಡ ಮೊದಲೇ ವಿಮರ್ಶೆಯನ್ನು ಬರೆದು ಕಂಠಪಾಠ ಮಾಡಿದ್ದ. ಕುಡಿಯುವುದು ಬಾಕಿಯಿತ್ತು.

“ಲೇಬಲ್ ನೋಡ್ಕಂಡು ಯಾರ್ ಬೇಕಾದ್ರೂ ಭಾಷಣ ಮಾಡ್ತಾರೆ ಅಣ್ಣ,” ಎಂದ ಯತಿರಾಜ, ಬೆನ್ನು ಇರುವ ಕುರ್ಚಿಯಲ್ಲಿ ಒರಗಿಕೊಂಡು. “ಅಕ್ಕ ಒಳಗಡೆ ಲೋಟಕ್ಕೆ ಬಗ್ಗಿಸ್ಕಂಡು ಬರ್ಲಿ. ಯಾವುದು ಯಾವುದು ಅಂತ ಹೇಳೋದ್ ಬ್ಯಾಡ. ಆಗ್ ನೋಡವ.”

“ಸಿಂಹಕ್ಕೆ ಕಣ್ಣು ಕಟ್ಟಿದರೂ ಬೇಟೆಯ ವಾಸನೆ ತಪ್ಪದು,” ಎಂದ ಹೊಂಬಾಳೇಗೌಡ, ವಾಟ್ಸಾಪ್ ಭಾಷೆಯಲ್ಲಿ.

ಅಡಿಗೆಮನೆಯಲ್ಲಿ ಸುಕನ್ಯ ಕೋಳಿಸಾರಿಗೆ ಕಾಯಿ ರುಬ್ಬುತ್ತಿದ್ದಳು. ಐದು ಬಾಟಲಿಗಳನ್ನು ಅವಳ ಮುಂದೆ ಸಾಲಾಗಿ ನಿಲ್ಲಿಸಿ, ಐದು ಲೋಟಗಳಿಗೆ ಬಗ್ಗಿಸಿ, ಅರಿಶಿನದಲ್ಲಿ ಒಂದರಿಂದ ಐದರವರೆಗೆ ಬೊಟ್ಟಿಡಬೇಕೆಂದು ಗಂಡ ವಿಧಿಸಿದ. ಅವಳು ಮಿಕ್ಸಿ ನಿಲ್ಲಿಸದೆ ತಲೆಯಾಡಿಸಿದಳು. ಸ್ವಲ್ಪ ಹೊತ್ತಿಗೆ ತಟ್ಟೆಯಲ್ಲಿ ಐದು ಲೋಟಗಳು ನಡುಮನೆಗೆ ಬಂದವು.

“ಸ್ಟೀಲ್ ಲೋಟವಾ?” ಎಂದು ನಾಯಕ ಗರ್ಜಿಸಿದ. “ಬಣ್ಣ ಹೇಗೆ ಕಾಣಬೇಕು?”

“ಗಾಜಿನವು ಇರೋದೇ ನಾಕು. ಒಂದ್ ಬಿರುಕು ಬಿಟ್ಟಿದೆ. ಮೂಗಿದೆಯಲ್ಲ, ಮೂಸಿ,” ಎಂದು ಸುಕನ್ಯ ಒಳಗೆ ಹೋದಳು. ಸಾರು ಕುದಿಯುತ್ತಿತ್ತು.

ಯುದ್ಧ ಆರಂಭವಾಯಿತು. ಮಾವ, ಅಳಿಯಂದಿರು ಮೂವರೂ ಒಂದೊಂದು ಪುಟ್ಟ ಕಾಫಿ ಲೋಟ ಹಿಡಿದರು. ಐದು ಲೋಟಗಳಿಂದ ಒಂದೊಂದೇ ಗುಟುಕು ಅದಕ್ಕೆ ಸುರಿದುಕೊಂಡು, ನಡುನಡುವೆ ನೀರು ಮುಕ್ಕಳಿಸಿ, ಅಭಿಪ್ರಾಯ ಹೇಳುವುದೆಂದು ಒಪ್ಪಂದ.

ಹೊಂಬಾಳೇಗೌಡ ಒಂದು ಬೊಟ್ಟಿನ ಲೋಟವನ್ನು ಮೂಗಿಗೆ ಹಿಡಿದ. ಇಪ್ಪತ್ತೆಂಟು ವರ್ಷಗಳ ಹಳೆಯ ಗೆಳೆಯ ಒಳಗಿನಿಂದ ಕೈಬೀಸಿದ: ಕಾಕಂಬಿ. ಅನುಮಾನವೇ ಇಲ್ಲ. “ಇದು ದೇಸಿ ಬ್ಲೆಂಡು, ಆನೆಬಾಗಿಲಿನದು,” ಎಂದು ಅವನು ಘೋಷಿಸಿದ. “ಕಾಕಂಬಿಯ ಕುಲ. ಒರಟು. ಬಡಪಾಯಿ. ಈ ಬೆಲೆಗೂ ಇದು ಹೆಚ್ಚೇ. ಮದುವೆ ಮಂಟಪದ ಹಿಂದೆ, ಟೆಂಪೋ ಮರೆಯಲ್ಲಿ ಕುಡಿಯುವಂಥ ಪಾನೀಯ.”

ಯತಿರಾಜ ಒಪ್ಪಿದ. ಆ ದಿನ ಇಬ್ಬರೂ ಮನಸಾರೆ ಒಪ್ಪಿದ್ದು ಇದೊಂದನ್ನೇ; ಸರಿಯಾಗಿ ಹೇಳಿದ್ದೂ ಇದೊಂದನ್ನೇ.

ಎರಡನೆಯ ಲೋಟ. ಹೊಂಬಾಳೇಗೌಡ ಮೂಸಿದ. ಕಾಕಂಬಿ. ಮೊದಲ ಲೋಟದ ವಾಸನೆ ಮೂಗಿನಲ್ಲೇ ಉಳಿದಿರಬೇಕೆಂದುಕೊಂಡು, ಮೂಗು ತಿಳಿಯಾಗಲೆಂದು ಅಂಗಿಯ ತೋಳು ಮೂಸಿ, ಮತ್ತೆ ಲೋಟ ಮೂಸಿದ. ಅಷ್ಟರಲ್ಲಿ ಯತಿರಾಜ ತೊಡೆ ತಟ್ಟಿದ.

“ಹೊಗೆ! ಅಬ್ಬಾ, ಏನ್ ಹೊಗೆ ಅಣ್ಣ! ಲೇಹ್‌ನಲ್ಲಿ ಮೈನಸ್ ಇಪ್ಪತ್ತರಲ್ಲಿ ಬುಖಾರಿ ಒಲೆ ಮುಂದೆ ಕೂತಂಗಾಯ್ತು. ಬ್ರಿಗೇಡಿಯರ್ ಸಾಹೇಬ್ರು ಇದ್ದಿದ್ರೆ ಕಣ್ಣಲ್ಲಿ ನೀರು ಹಾಕೋರು.”

ಹೊಂಬಾಳೇಗೌಡನಿಗೆ ಹೊಗೆ ಎಳ್ಳಷ್ಟೂ ಸಿಗಲಿಲ್ಲ. ಆದರೆ ಎದುರಾಳಿಗೆ ಸಿಕ್ಕ ಹೊಗೆ ತನಗೆ ಸಿಗಲಿಲ್ಲವೆಂದು ಒಪ್ಪುವುದೇ? “ಹೊಗೆ ಇದೆ,” ಎಂದ ಗಂಭೀರವಾಗಿ. “ಆದರೆ ಹಸಿ ಸೌದೆಯದು. ಉದಾತ್ತ ಧೂಮವಲ್ಲ.”

ಮೂರನೆಯ ಲೋಟ. ಓ ಸಭಿಕರೇ, ವೀರನ ಬಾಳಿನಲ್ಲಿ ಒಂದೇ ಒಂದು ಸಲ ಸತ್ಯ ತಾನಾಗಿ ಬಂದು ಬಾಗಿಲು ತಟ್ಟುತ್ತದೆ. ಹೊಂಬಾಳೇಗೌಡ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ನಾಲಿಗೆಯ ಮೇಲೆ ಹೊರಳಿಸಿದ. ಅದೇ ಕಾಕಂಬಿ. ಅದೇ ತುದಿಯಲ್ಲಿ ತುಸು ಸುಟ್ಟ ಸಕ್ಕರೆ, ಅದೇ ಗಂಟಲಿನ ಕೆರೆತ. ಇದು ಮೊದಲ ಲೋಟವೇ. ಎರಡನೆಯದೂ ಇದೇ. ಮುಂದಿನ ಎರಡನ್ನು ತೆಗೆದು ಸುಮ್ಮನೆ ಮೂಸಿದ. ಅವೂ ಇದೇ. ಐದೂ ಒಂದೇ!

ಈಗ ಬಾಯಿಬಿಟ್ಟು ಹೇಳಿದರೆ? ಹೇಳಬಹುದಿತ್ತು. ಆದರೆ ಐದು ಬಾಟಲಿಗಳನ್ನು ತಾನೇ ಆರಿಸಿ ತಂದು, ತಾನೇ ಒಲೆಕಟ್ಟೆಯ ಪಕ್ಕ ನಿಲ್ಲಿಸಿದ್ದ. ಐದೂ ಒಂದೇ ಎಂದರೆ ಯತಿರಾಜ ನಗುತ್ತಾನೆ. ತನ್ನ ಅಂದಾಜು ತಪ್ಪಾಗಿದ್ದರೆ, ಮುಂದಿನ ಹನ್ನೆರಡು ವರ್ಷ ಪ್ರತಿ ಬೀಗರೂಟದಲ್ಲೂ ನಗುತ್ತಾನೆ. ಮೂಗು ಹೇಳುತ್ತಿತ್ತು: ಒಂದೇ. ಮಾನ ಹೇಳುತ್ತಿತ್ತು: ಬಾಯಿ ಮುಚ್ಚು. ಇಪ್ಪತ್ತೆಂಟು ವರ್ಷ ಒಮ್ಮೆಯೂ ಕೈಕೊಡದ ಮೂಗಿಗೆ ನಮ್ಮ ನಾಯಕ ಆ ಕ್ಷಣದಲ್ಲಿ ಕೈಕೊಟ್ಟ.

“ಇದು ಬಾರ್ಲಿಯ ಮಾಲ್ಟು!” ಎಂದು ಅವನು ಕಂಠಪಾಠದ ಕಟ್ಟು ಬಿಚ್ಚಿದ. “ಪ್ರಥಮ ಘ್ರಾಣದಲ್ಲಿ ಜೇನು. ದ್ವಿತೀಯದಲ್ಲಿ ಹುರಿದ ಬಾದಾಮಿ. ಕಂಠಾವರೋಹಣದಲ್ಲಿ ಗೋಧಿಹೊಲದ ಬೆಳಗಿನ ಬಿಸಿಲು!”

ಒಮ್ಮೆ ಸುಳ್ಳಿನ ಕುದುರೆ ಏರಿದ ಮೇಲೆ ಅದು ನಾಗಾಲೋಟದಲ್ಲೇ ಹೋಯಿತು. ನಾಲ್ಕನೆಯದು ಜೋಳದ ವಿಸ್ಕಿಯಾಯಿತು. ಅದರಲ್ಲಿ ವೆನಿಲ್ಲಾ, ಹಲಸಿನ ತೊಳೆ, ಹೊಸ ತೊಗಲಿನ ಚಪ್ಪಲಿ ಹೊರಬಿದ್ದವು. ಐದನೆಯದರಲ್ಲಿ ಯತಿರಾಜ ಐರ್ಲೆಂಡಿನ ಹಸಿರು ಹುಲ್ಲನ್ನು ಕಂಡ. ಹೊಂಬಾಳೇಗೌಡ ಆ ಹುಲ್ಲಿನ ಮೇಲೆ ಇಬ್ಬನಿ ಕಂಡ. ಆನೆಬಾಗಿಲಿನ ಬಡಪಾಯಿ ಬ್ಲೆಂಡು, ತನ್ನ ಜನ್ಮದಲ್ಲಿ ಕೇಳದ ಬಿರುದುಗಳನ್ನು ಹೊತ್ತು ಸ್ಟೀಲ್ ಲೋಟದ ತಳದಲ್ಲಿ ಸುಮ್ಮನೆ ಕುಳಿತಿತ್ತು.

ಆಗ ಮರಿಲಿಂಗೇಗೌಡರು ಗಂಟಲು ಸರಿಮಾಡಿಕೊಂಡರು. ಅವರು ಐದನ್ನೂ ನಿಧಾನವಾಗಿ ರುಚಿ ನೋಡಿ ಮುಗಿಸಿದ್ದರು.

“ಅಲ್ರಪ್ಪ, ನಂಗೇನೋ ಎಲ್ಲಾ ಒಂದೇ ಥರ ಕಾಣ್ತದಲ್ಲ?”

ಯತಿರಾಜ ಗಹಗಹಿಸಿ ನಕ್ಕ. ಹೊಂಬಾಳೇಗೌಡ ನಗಲಿಲ್ಲ. ಮುದುಕರು ಹೇಳಿದ್ದು ನಿಜ. ಅದು ನಿಜವೆಂದು ಆ ನಡುಮನೆಯಲ್ಲಿ ಖಚಿತವಾಗಿ ಬಲ್ಲವನು ತಾನು. ಅದಕ್ಕಾಗಿಯೇ ಅವನಿಗೆ ಅವರ ಬಾಯಿ ಮುಚ್ಚಿಸುವುದು ಅಷ್ಟು ತುರ್ತಾಯಿತು.

“ಮಾವ, ಎಪ್ಪತ್ತೈದಕ್ಕೆ ನಾಲಗೆ ಸತ್ತೋಗಿರ್ತದೆ,” ಎಂದ. “ಅದ್ರಲ್ಲಿ ನಿಮ್ ತಪ್ಪೇನಿಲ್ಲ. ರುಚಿ ವಿಷ್ಯ ನಮಗ್ ಬಿಡಿ.”

ಮರಿಲಿಂಗೇಗೌಡರು ಕಾಫಿ ಲೋಟವನ್ನು ಕೆಳಗಿಟ್ಟರು. ಹೆಗಲ ಟವಲಿನಿಂದ ತುಟಿ ಒರೆಸಿಕೊಂಡರು. “ಇರಬೋದು,” ಎಂದರು. ಮತ್ತೆ ಲೋಟ ಮುಟ್ಟಲಿಲ್ಲ.

ಅವರ ಮುಖ ನೋಡುವಷ್ಟು ಪುರುಸೊತ್ತು ವೀರರಿಗೆಲ್ಲಿ? ಅಂತಿಮ ದ್ವಂದ್ವ ಮೊದಲಾಗಿತ್ತು. ಹೊಂಬಾಳೇಗೌಡ ನಾಲ್ಕನೆಯ ಲೋಟಕ್ಕೆ ಪಟ್ಟ ಕಟ್ಟಿದ, ಯತಿರಾಜ ಎರಡನೆಯದಕ್ಕೆ.

“ನಾಲ್ಕನೆಯದರ ಮುಂದೆ ನಿನ್ನ ಎರಡನೆಯದು ಗೊಬ್ಬರದ ಗುಂಡಿ!”

“ಹಂಗನ್ಬ್ಯಾಡಿ ಅಣ್ಣ. ನಾಕ್ನೇದು ಬಾಯಿಗಿಟ್ರೆ ಬ್ಯಾಟ್ರಿ ನೀರು ಕುಡ್ದಂಗಾಯ್ತದೆ. ಮೆಸ್ಸಲ್ಲಿ ನಾವು ಅಂಥದ್ರಲ್ಲಿ ಹಿತ್ತಾಳೆ ತೊಳೀತಿದ್ವಿ.”

“ಉಗ್ರಾಣ ಕಾದವನಿಗೆ ರಸಜ್ಞಾನ ಬರುವುದಾದರೆ, ಉಗ್ರಾಣದ ಇಲಿಗಳಿಗೆಲ್ಲ ಬಂದಿರಬೇಕಿತ್ತು!”

ಯತಿರಾಜ ಎದ್ದ. ಬೆನ್ನು ಇರುವ ಕುರ್ಚಿ ಹಿಂದಕ್ಕೆ ಬಿತ್ತು. ಹೊಂಬಾಳೇಗೌಡ ಪಂಚೆ ಎತ್ತಿ ಕಟ್ಟಿದ. ನಾಲ್ಕನೆಯ ಲೋಟ ಒಬ್ಬನ ಕೈಯಲ್ಲಿ, ಎರಡನೆಯದು ಇನ್ನೊಬ್ಬನ ಕೈಯಲ್ಲಿ. ಎರಡು ಪ್ರಳಯಮೇಘಗಳು ಸಿಡಿಲು ಹಿಡಿದು ಎದುರಾದಂತೆ, ಐವತ್ತು ದಾಟಿದ ಇಬ್ಬರು ಗೃಹಸ್ಥರು, ಹೊಟ್ಟೆಗೆ ಹೊಟ್ಟೆ ತಾಕುವಷ್ಟು ಹತ್ತಿರ ನಿಂತರು.

“ಏನ್ರೀ ಅದು ಗಲಾಟೆ?” ಸುಕನ್ಯ ಸೌಟು ಹಿಡಿದೇ ಬಂದಳು. “ಪಕ್ಕದ್ ಮನೆಯೋರು ಇಣುಕ್ತಾ ಇದಾರೆ.”

“ನೀನೇ ಹೇಳು,” ಎಂದ ಗಂಡ. “ನಾಲ್ಕನೇ ಲೋಟ ಯಾವ ಬಾಟ್ಲಿದು? ಎರಡನೇದು ಯಾವುದು? ಇವನಿಗೆ ಹೇಳು.”

“ಎಲ್ಲಾ ಅದೇ. ಆನೆಬಾಗಿಲಿಂದು.”

ಹೊಂಬಾಳೇಗೌಡ ಕೈಯಲ್ಲಿದ್ದ ಲೋಟದೊಳಗೆ ಇಣುಕಿದ.

“ಎಲ್ಲಾ ಅಂದ್ರೆ?”

“ಐದೂ. ಐದ್ ಬಾಟ್ಲೀನೂ ಓಪನ್ ಮಾಡಿದ್ರೆ ನೀವಿಬ್ರೂ ಐದನ್ನೂ ಮುಗಿಸೋವರ್ಗೂ ಏಳ್ತಿದ್ರಾ? ಜಗಳ ಆಡಕ್ಕೆ ಒಂದ್ ಬಾಟ್ಲಿ ಸಾಕಲ್ವಾ ಅಂತ ಒಂದೇ ತೆಗ್ದೆ. ಉಳಿದ ನಾಕರ ಸೀಲ್ ಹಂಗೇ ಇದೆ. ಅಂಗಡಿಯೋರಿಗೆ ಫೋನ್ ಮಾಡಿ ಕೇಳಿದೀನಿ, ವಾಪಸ್ ತಗೋತಾರಂತೆ.” ಅಷ್ಟು ಹೇಳಿ ಅವಳು ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದಳು.

ಹೊಂಬಾಳೇಗೌಡನೊಳಗೆ ಆಗ ಒಂದು ವಿಚಿತ್ರ ಆನಂದ ಉಕ್ಕಿತು. ಹಾಗಾದರೆ ಮೂಗು ತಪ್ಪಿರಲಿಲ್ಲ! ಮೂರನೆಯ ಲೋಟಕ್ಕೇ ಹಿಡಿದಿತ್ತು! ಪಾಂಡವಪುರದಲ್ಲಿ ಹಾಗಿರಲಿ, ಜಿಲ್ಲೆಯಲ್ಲೇ ಯಾವನಿಗೆ ಇದು ಸಾಧ್ಯ? ಇಪ್ಪತ್ತೆಂಟು ವರ್ಷದ ವಿದ್ಯೆಗೆ ಜಯ ಇಲ್ಲಿದೆ, ಕೈಗೆಟಕುವಷ್ಟು ಹತ್ತಿರದಲ್ಲಿ. ಅವನು ಕೂಗಿಯೇಬಿಟ್ಟ:

“ನಂಗ್ ಮೊದ್ಲೇ ಗೊತ್ತಿತ್ತು!”

“ನಂಗೂ ಗೊತ್ತಿತ್ತು,” ಎಂದ ಯತಿರಾಜ, ಅರೆಕ್ಷಣವೂ ತಡಮಾಡದೆ.

ಯತಿರಾಜನಿಗೆ ನಿಜಕ್ಕೂ ಗೊತ್ತಿತ್ತೋ ಇಲ್ಲವೋ, ಮೂರು ಲೋಕಗಳನ್ನೂ ಬಲ್ಲ ಈ ಕಥೆಗಾರನಿಗೂ ತಿಳಿಯದು. ಸುಕನ್ಯ ಇಬ್ಬರನ್ನೂ ಒಂದೇ ನೋಟದಲ್ಲಿ ನೋಡಿ, “ಹೂಂ, ಹುಲ್ಲಿನ್ ಮೇಲೆ ಇಬ್ಬನಿ ಇತ್ತಂತಲ್ಲ,” ಎಂದು ಒಳಗೆ ಹೋದಳು. ಅಡಿಗೆಮನೆಗೆ ಎಲ್ಲವೂ ಕೇಳಿಸಿತ್ತು.

“ಇಲ್ಲ ಮಾವ, ಸತ್ಯವಾಗ್ಲೂ ಗೊತ್ತಿತ್ತು,” ಎಂದು ಹೊಂಬಾಳೇಗೌಡ ವೃದ್ಧರ ಕಡೆ ತಿರುಗಿದ. “ಮೂರನೇ ಲೋಟಕ್ಕೇ ಹಿಡ್ದಿದ್ದೆ. ಕಾಕಂಬಿ ವಾಸ್ನೆ ನಾನ್ ತಪ್ತೀನಾ? ಐದೂ ಒಂದೇ ಅಂತ ಆವಾಗ್ಲೇ ಗೊತ್ತಾಯ್ತು.”

ಮರಿಲಿಂಗೇಗೌಡರು ಅವನನ್ನು ನೋಡಿದರು. ಕಾಗುಣಿತ ತಪ್ಪಿದ ಹುಡುಗನನ್ನು ಬೈಯುವ ಮೊದಲು ಮೇಷ್ಟ್ರು ನೋಡುವ ನೋಟವದು, ಅದರಲ್ಲಿ ಸಿಟ್ಟಿರಲಿಲ್ಲ.

“ಗೊತ್ತಿದ್ದೂ ನನ್ ನಾಲಗೆ ಸತ್ತಿದೆ ಅಂದ್ಯೇನಪ್ಪ?”

ಘ್ರಾಣೇಂದ್ರಿಯಸಾರ್ವಭೌಮನ ಮುಂದೆ ಎರಡು ದಾರಿಗಳು ತೆರೆದವು. ಗೊತ್ತಿತ್ತು ಎಂದರೆ ಹಿರಿಯರನ್ನು ಬೇಕೆಂದೇ ಅವಮಾನಿಸಿದ ನೀಚ. ಗೊತ್ತಿರಲಿಲ್ಲ ಎಂದರೆ ಅಗ್ಗದ ಬ್ಲೆಂಡಿನಲ್ಲಿ ಗೋಧಿಹೊಲದ ಬಿಸಿಲು ಕಂಡ ಪೆದ್ದ. ಬಾಳಿನಲ್ಲಿ ಗೆದ್ದ ಒಂದೇ ಯುದ್ಧವನ್ನು ಈ ಎರಡರಲ್ಲಿ ಯಾವುದರ ಕೆಳಗೆ ಹೂಳಬೇಕೆಂದು ಅವನು ನಿಂತಲ್ಲೇ ಯೋಚಿಸಿದ. ಕಟ್ಟಿದ ಪಂಚೆಯನ್ನು ಮೆಲ್ಲಗೆ ಇಳಿಬಿಟ್ಟ.

“ಇಲ್ಲ ಮಾವ,” ಎಂದ. “ಗೊತ್ತಿರ್ಲಿಲ್ಲ. ಸುಮ್ನೆ ಅಂದೆ.”

ಅವನು ಅಂದು ಆಡಿದ ಏಕೈಕ ವಿನಯದ ಮಾತು ಇದು. ಅದೂ ಸುಳ್ಳು.

“ಹೋಗ್ಲಿ ಬುಡು,” ಎಂದರು ಮರಿಲಿಂಗೇಗೌಡರು. “ಅದೇ ಇರ್ಲಿ, ಆನೆಬಾಗಿಲು. ಐದ್ ಸಾರಿ ಕುಡುದ್ರೂ ಗಂಟಲಿಗೆ ಏನೂ ಆಗ್ಲಿಲ್ಲ. ಸೋಡಾ ಜಾಸ್ತಿ ತರ್ಸಿ.” ತೀರ್ಪು ಮುಗಿಯಿತು. ಸುಕನ್ಯ ಎತ್ತಿ ನಿಲ್ಲಿಸಿದ್ದ ಬೆನ್ನು ಇರುವ ಕುರ್ಚಿಯಲ್ಲಿ ಯತಿರಾಜ ಪುನಃ ಕುಳಿತ.

ಊಟಕ್ಕೆ ಮೊದಲು ಹೊಂಬಾಳೇಗೌಡ ನಾಲ್ಕು ಬಾಟಲಿಗಳನ್ನು ಬಟ್ಟೆಚೀಲಕ್ಕೆ ತುಂಬಿ, ಸ್ಕೂಟರಿನ ಮುಂದೆ ಕಾಲ ನಡುವೆ ಇಟ್ಟುಕೊಂಡು ಪೇಟೆಬೀದಿಗೆ ಹೊರಟ. ಹಳ್ಳ ಬಂದಾಗಲೆಲ್ಲ ಅವು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಅಂಗಡಿಯವನು ಒಂದೊಂದನ್ನೇ ತಿರುಗಿಸಿ, ಮುಚ್ಚಳ ನೋಡಿ, ಕಪಾಟಿಗೆ ಏರಿಸುತ್ತ ಕೇಳಿದ:

“ಯಾಕ್ ಸಾರ್, ನಾಕೂ ಚೆನ್ನಾಗಿರ್ಲಿಲ್ವಾ?”

ಸುರಾವಿಮರ್ಶಕ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ.

“ಗೊತ್ತಿಲ್ಲಪ್ಪ,” ಎಂದ. “ನಾನ್ ಕುಡ್ದಿಲ್ಲ.”